ಚಿಕ್ಕಪ್ಪನ ಸ್ಯಾನ್ಸುಯಿಯೂ ನನ್ನ 'ಅಪ್‌ಗ್ರೇಡ್' ಹುಚ್ಚೂ

ಹಳೇ ಸ್ಪೀಕರ್ ಇಟ್ಟುಕೊಂಡವರಲ್ಲಿ ಒಂದು ವಿನಂತಿ. ದಯವಿಟ್ಟು ಅದನ್ನು 'ಅಪ್‌ಗ್ರೇಡ್' ಮಾಡಿಸಬೇಡಿ, ರಿಪೇರಿ ಮಾಡಿಸಿ. ಎರಡೂ ಒಂದೇ ಅಲ್ಲ ಅಂತ ನನಗೆ ಅರ್ಥವಾಗುವಷ್ಟರಲ್ಲಿ ಎರಡು ವರ್ಷ, ಒಂದಿಷ್ಟು ದುಡ್ಡು, ಜೊತೆಗೆ ಚಿಕ್ಕಪ್ಪನ ಮುಂದೆ ಇದ್ದಬದ್ದ ಮರ್ಯಾದೆ ಎಲ್ಲ ಹೋಗಿತ್ತು.

ಚಿಕ್ಕಪ್ಪ ಕುವೈತ್‌ನಲ್ಲಿ ಇದ್ದವರು. ಎಂಬತ್ತರ ದಶಕದಲ್ಲಿ ಕುಂದಾಪುರದ ಮನೆಗೆ ಬರುವಾಗ ಒಂದು ಜೊತೆ ಜಪಾನಿನ ಸ್ಯಾನ್ಸುಯಿ ಕಂಪನಿಯ ಸ್ಪೀಕರ್ ತಂದಿದ್ದರು. ಮುಂದೆ ಬಟ್ಟೆಯ ಬದಲು ಮರದ ಜಾಲರಿ. ಆ ಕುಸುರಿಗೆ ಜಪಾನಿನಲ್ಲಿ ಕುಮಿಕೊ ಅನ್ನುತ್ತಾರಂತೆ. ನನಗೆ ಮಾತ್ರ ಅದು ಹಂಚಿಕಡ್ಡಿಗೆ ಬಟ್ಟೆ ಸುತ್ತಿ ಒಂದೊಂದೇ ಸಂದಿ ಒರೆಸುವ ಭಾನುವಾರದ ಶಿಕ್ಷೆ. ನಮ್ಮ ಕಡೆಯ ಹಸಿ ಹವೆಗೆ ಫೋಮ್ ಅಂಚಿನ ವೂಫರ್‌ಗಳು (ಪೆಟ್ಟಿಗೆಯೊಳಗೆ ದಪ್ಪ ಸ್ವರ ಹಾಡುವ ದೊಡ್ಡ ಸ್ಪೀಕರ್‌ಗಳು) ಹತ್ತು ಹದಿನೈದು ವರ್ಷಕ್ಕೇ ಬೆರಳು ತಾಗಿದರೆ ಉದುರುತ್ತವೆ. ಇದಕ್ಕೆ ಅಂಟು ಬಳಿದ ಬಟ್ಟೆಯ ಅಂಚು, ಹಾಗಾಗಿ ಬಚಾವಾಯಿತು.

ಚಿಕ್ಕಪ್ಪ ಕೊನೆಗೆ ಅದನ್ನು ನನಗೇ ಕೊಟ್ಟರು. ಬೆಂಗಳೂರಿಗೆ ತಂದು ಹಾಕಿದರೆ ಸ್ವರ ಸ್ವಲ್ಪ ಮಂಕು. ರಿಪೇರಿಯವನ ಹತ್ತಿರ ಒಯ್ದೆ. "ಎಲ್ಲಾ ಹಳೇದು ಸಾರ್. ಕೆಪಾಸಿಟರ್ ದೊಡ್ಡದು ಹಾಕಿಕೊಡ್ತೀನಿ, ಪವರ್ ಬರುತ್ತೆ" ಅಂದ. ಪವರ್ ಅಂದರೆ ಬೇಡ ಅನ್ನುವ ಗಂಡಸು ಯಾರು?

ಮೊದಲ ದಿನ ಪುಳಕವೋ ಪುಳಕ. ಇದುವರೆಗೆ ಕೇಳದೇ ಇದ್ದದ್ದೆಲ್ಲ ಕೇಳಿಸುತ್ತಿದೆ ಅಂತ ಸ್ನೇಹಿತರಿಗೆ ಫೋನ್ ಮಾಡಿ ಮಾಡಿ ಹೇಳಿದೆ. ವಾರ ಕಳೆಯುವಷ್ಟರಲ್ಲಿ ಅರ್ಧ ಗಂಟೆ ಕೇಳಿದರೆ ತಲೆನೋವು. ಊರಿಂದ ಬಂದ ಚಿಕ್ಕಪ್ಪ ಯಕ್ಷಗಾನದ ಹಾಡುಗಾರ, ಭಾಗವತ ಕಾಳಿಂಗ ನಾವಡರ ಕ್ಯಾಸೆಟ್ ಹಾಕಿಸಿದರು. ಎರಡು ಪದ್ಯ ಕೇಳಿ, "ಎಂತ ಮಾರಾಯ, ಭಾಗವತ್ರಿಗೆ ನೆಗಡಿ ಆಯ್ತಾ?" ಅಂದರು. ಮದ್ದಲೆಯಂತೂ ಪಕ್ಕದ ಮನೆಯಲ್ಲಿ ಬಾರಿಸಿದ ಹಾಗಿತ್ತು. ನಾನು ಸಬ್‌ವೂಫರ್ ರೇಟು ನೋಡಲು ಶುರು ಮಾಡಿದ್ದೆ!

ಪೆಟ್ಟಿಗೆ ಬಿಚ್ಚಿದ್ದು ಆಮೇಲೆ. ಪುಣ್ಯಕ್ಕೆ, ಆ ಮನುಷ್ಯ ಕಿತ್ತ ಹಳೇ ಕೆಪಾಸಿಟರ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ವಾಪಸ್ ಕೊಟ್ಟಿದ್ದ. ಅವುಗಳ ಮೇಲೆ 4 ಮೈಕ್ರೊಫ್ಯಾರಡ್ (ಕೆಪಾಸಿಟರಿನ ಅಳತೆ) ಅಂತ ಇದೆ. ಒಳಗೆ ಬೆಸುಗೆ ಹಾಕಿದ್ದು 10. ತೆಳು ಸ್ವರ ಹಾಡುವ ಪುಟ್ಟ ಸ್ಪೀಕರ್, ಅಂದರೆ ಟ್ವೀಟರ್, ಅದರ ದಾರಿಯಲ್ಲಿ ಕೂರುವ ಕೆಪಾಸಿಟರ್ ಬಾಗಿಲಲ್ಲಿ ಕೂತ ಅಜ್ಜಿಯ ಹಾಗೆ: ತೆಳು ಸ್ವರವನ್ನು ಒಳಗೆ ಬಿಟ್ಟು ದಪ್ಪ ಸ್ವರವನ್ನು ತಡೆಯುತ್ತದೆ. 8 ಓಮ್‌ನ ಟ್ವೀಟರಿಗೆ 4 ಮೈಕ್ರೊಫ್ಯಾರಡ್ ಹಾಕಿದರೆ ಆ ತಡೆ ಸುಮಾರು 5,000 ಹರ್ಟ್ಸ್‌ನಲ್ಲಿ (ಹರ್ಟ್ಸ್ ಹೆಚ್ಚಿದಷ್ಟೂ ಸ್ವರ ತೆಳು). 10 ಹಾಕಿದರೆ ಅದು 2,000ಕ್ಕೆ ಇಳಿಯುತ್ತದೆ. ಅಂದರೆ ಮನುಷ್ಯರ ದನಿಯ ಒಂದು ದೊಡ್ಡ ಪಾಲು ಆ ಬಡಪಾಯಿ ಟ್ವೀಟರಿನ ತಲೆಗೆ ಬಂತು. ಅದೇ ಭಾಗವನ್ನು ಕೆಳಗಿನ ಸ್ಪೀಕರೂ ಹಾಡುತ್ತಿದೆ. ನೆಗಡಿ ಬಾರದೆ ಇನ್ನೇನು? ರಿಪೇರಿಯವನು ಹೇಳಿದ ಪವರ್ ಇದೇ.

ಮದ್ದಲೆ ಮಾಯವಾದದ್ದಕ್ಕೆ ಕಾರಣ ಇನ್ನೂ ಸಣ್ಣದು. ಗೋಡೆ ಗಡಿಯಾರದ 1.5 ವೋಲ್ಟಿನ ಸೆಲ್ ತೆಗೆದು ಎರಡೂ ಸ್ಪೀಕರಿನ ಹಿಂಬದಿಗೆ ಒಂದೇ ರೀತಿ ತಾಗಿಸಿ ನೋಡಿದೆ. ಎಡಗಡೆಯ ವೂಫರ್ ಹೊರಗೆ ಉಬ್ಬಿತು, ಬಲಗಡೆಯದು ಒಳಗೆ ಹೋಯಿತು. ಮತ್ತೆ ಜೋಡಿಸುವಾಗ ಒಂದರ ವೈರ್ ಅದಲುಬದಲಾಗಿತ್ತು. ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತಿದ್ದರೆ ಬೇಸ್ ಎಲ್ಲಿ ಉಳಿಯುತ್ತದೆ?

ವೈರ್ ಸರಿ ಮಾಡಿದೆ, 4ರದ್ದೇ ಹೊಸ ಕೆಪಾಸಿಟರ್ ಹಾಕಿದೆ. ಒಳಗೆ ದ್ರವ ಇರುವ ಹಳೇ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ವರ್ಷಗಟ್ಟಲೆ ಒಣಗಿ ಕೆಡುವುದು ನಿಜ, ಬದಲಾಯಿಸಲೇಬೇಕು. ಆದರೆ ಅದೇ ಬೆಲೆಯದ್ದು. ಬೆಲೆ ಅಂದರೆ ಮೈಕ್ರೊಫ್ಯಾರಡ್, ರೂಪಾಯಿ ಅಲ್ಲ.

ಇನ್ನು ಹೋಲಿಕೆಯ ವಿಷಯ. ನನಗೆ ನಿಜವಾಗಿ ಜಗಳ ಇರುವುದು ಇಲ್ಲಿ. ಸ್ನೇಹಿತರೊಬ್ಬರ ಹತ್ತಿರ ಎಲ್‌ಎಸ್3/5ಎ ಅನ್ನುವ ಪುಟ್ಟ ಸ್ಪೀಕರ್ ಜೊತೆ ಇದೆ. ಬಿಬಿಸಿಯವರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಇಡಲು ಮಾಡಿದ್ದು, ಎತ್ತರ ಒಂದು ಅಡಿ ಅಷ್ಟೇ. ತಂದು ಸ್ಯಾನ್ಸುಯಿ ಪಕ್ಕ ಇಟ್ಟು ಒಂದು ಜೊತೆಯಿಂದ ಇನ್ನೊಂದಕ್ಕೆ ಬದಲಿಸುವ ಆಂಪ್ಲಿಯ ಎ-ಬಿ ಸ್ವಿಚ್ ತಿರುಗಿಸಿದೆವು. ಆರಕ್ಕೆ ಆರೂ ಸಲ ಸ್ಯಾನ್ಸುಯಿ ಗೆದ್ದಿತು. ಗೆಲ್ಲದೆ ಏನು? ಆ ಪುಟ್ಟ ಪೆಟ್ಟಿಗೆಯ ಸೆನ್ಸಿಟಿವಿಟಿ (ಅಷ್ಟೇ ವಾಟಿಗೆ ಎಷ್ಟು ಜೋರಾಗಿ ಹಾಡುತ್ತದೆ ಅನ್ನುವ ಅಳತೆ) 83 ಡೆಸಿಬಲ್ ಆಸುಪಾಸು, ಸ್ಯಾನ್ಸುಯಿಯದು 90ಕ್ಕೂ ಮೇಲೆ. 10 ಡೆಸಿಬಲ್ ಹೆಚ್ಚು ಬೇಕೆಂದರೆ ಆಂಪ್ಲಿ ಹತ್ತು ಪಟ್ಟು ವಾಟ್ ಕೊಡಬೇಕು. ಜೋರಾಗಿ ಕೇಳಿದ್ದನ್ನು ಕಿವಿ ಚೆನ್ನಾಗಿದೆ ಅಂದುಕೊಳ್ಳುತ್ತದೆ. ಒಂದೇ ಡೆಸಿಬಲ್ ವ್ಯತ್ಯಾಸ ಸಾಕು, 'ಜೋರು' ಅಂತ ಗೊತ್ತೇ ಆಗುವುದಿಲ್ಲ, 'ಕ್ಲಿಯರ್' ಅಂತ ಅನ್ನಿಸುತ್ತದೆ. ಶೋರೂಮುಗಳ ಅರ್ಧ ವ್ಯಾಪಾರ ನಡೆಯುವುದು ಇದರ ಮೇಲೇ ಅಂತ ನನ್ನ ಗುಮಾನಿ.

ಹಾಗಾಗಿ ಎರಡನೇ ಸುತ್ತಿಗೆ ಪಿಂಕ್ ನಾಯ್ಸ್ ಹಾಕಿದೆವು. ಹೆಂಚಿನ ಮೇಲೆ ಮಳೆ ಸುರಿದ ಹಾಗೆ ಒಂದೇ ಸಮ ಸದ್ದು. ಕುರ್ಚಿಯಲ್ಲಿ ಕಿವಿ ಇರುವ ಎತ್ತರಕ್ಕೆ ಮೊಬೈಲ್ ಇಟ್ಟು, ಎರಡೂ ಒಂದೇ ಜೋರಿಗೆ ಬರುವಂತೆ ಸದ್ದು ಅಳೆದು, ವಾಲ್ಯೂಮ್ ಗುಬ್ಬಿಯ ಪಕ್ಕ ಪೆನ್ಸಿಲಿನಲ್ಲಿ ಎರಡು ಗೀಟು ಎಳೆದೆ: ದೊಡ್ಡದಕ್ಕೊಂದು, ಸಣ್ಣದಕ್ಕೊಂದು. ಸ್ಪೀಕರ್‌ಗಳ ಮುಂದೆ ಒಡ್ಡೋಲಗದ ತೆರೆಯ ಹಾಗೆ ತೆಳು ಪಂಚೆ ಕಟ್ಟಿ, ಮಗಳನ್ನು ಸ್ವಿಚ್ಚಿನ ಹತ್ತಿರ ಕೂರಿಸಿದೆ. ಯಾವುದು ಹಾಡುತ್ತಿದೆ ಅಂತ ಅವಳಿಗೊಬ್ಬಳಿಗೇ ಗೊತ್ತು.

ಈ ಸಲ ಭಾಗವತಿಕೆಗೆ ಚಿಕ್ಕಪ್ಪ ಆರರಲ್ಲಿ ಐದು ಸಲ ಸಣ್ಣ ಪೆಟ್ಟಿಗೆಯನ್ನೇ ಆರಿಸಿದರು. "ಇಕಾ, ಈಗ ಬಾಯಿ ಕಾಣ್ತದೆ" ಅಂದರು. ಸ್ಪೀಕರಿನ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು. ಚೆಂಡೆ ಬಿದ್ದಾಗ ಮಾತ್ರ ಒಮ್ಮೆಯೂ ತಪ್ಪದೆ ಸ್ಯಾನ್ಸುಯಿ. ಚೆಂಡೆಯ ಹೊಡೆತಕ್ಕೆ ದೊಡ್ಡ ವೂಫರ್ ಬೇಕು, ವ್ಯಾನಿಗೆ ಹೊಲಿದ ಅಂಗಿ ಗದ್ದೆಯ ಬಯಲಾಟಕ್ಕೆ ಸಾಲದು. ನನ್ನ ಕತೆ ಇನ್ನೂ ತಮಾಷೆ. ಎರಡು ವರ್ಷ ದೊಡ್ಡ ದೊಡ್ಡ ಮಾತಾಡಿದವನು ಭಾಗವತಿಕೆಯಲ್ಲಿ ಆರರಲ್ಲಿ ಮೂರು ಸಲ ಒಂದು, ಮೂರು ಸಲ ಇನ್ನೊಂದು ಆರಿಸಿದ್ದೆ.

ಆಮೇಲೆ ಸ್ಯಾನ್ಸುಯಿಯನ್ನು ಮೂಲೆಯಿಂದ ಎಳೆದು, ಗೋಡೆಯಿಂದ ಎರಡು ಅಡಿ ಮುಂದೆ, ಒಂದು ಗಿಡ್ಡ ಮಣೆಯ ಮೇಲೆ ಇಟ್ಟೆ. ಆಗ ಆದ ಬದಲಾವಣೆ ಹೊಸ ಕೆಪಾಸಿಟರಿನಿಂದ ಆದದ್ದಕ್ಕಿಂತ ಹೆಚ್ಚು. ಖರ್ಚು ಸೊನ್ನೆ, ಹಾಲಿನಲ್ಲಿ ಓಡಾಡಲು ಜಾಗ ಇಲ್ಲ ಅಂತ ಮನೆಯಾಕೆಯ ತಕರಾರು ಬೇರೆ ಲೆಕ್ಕ.

10 ಮೈಕ್ರೊಫ್ಯಾರಡ್‌ನ ಎರಡು ಕೆಪಾಸಿಟರ್ ನನ್ನ ಹತ್ತಿರ ಉಳಿದಿವೆ, ಹೊಸದರ ಹಾಗೇ ಇವೆ. ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಪುಕ್ಕಟೆ. ಯಾವ ಸ್ಪೀಕರಿಗೆ ಅಂತ ಮೊದಲು ಹೇಳಬೇಕು.