ಊರಿನ ನಕ್ಷೆ: ಲೆಕ್ಕ ಹೇಳಿದಂತೆ ಕೇಳಬೇಕೇ?

ಪರ: ಕಣ್ಣಳತೆ ಸಾಕು ಮಾಡಿ

ಊರಿನ ರಸ್ತೆ, ಚೌಕ ಯೋಜಿಸುವಾಗ ಕಣ್ಣಳತೆ ಬಿಟ್ಟು ಗಣಿತದ ಲೆಕ್ಕ ನಂಬಿ ಅನ್ನುವುದು ನನ್ನ ವಾದ. ಜಾಮ್ ಆದರೆ ಇನ್ನೊಂದು ರಸ್ತೆ ಮಾಡಿ ಅನ್ನುವುದು ನಮ್ಮ ಹಳೇ ಚಟ. 1968ರಲ್ಲೇ ಜರ್ಮನಿಯ ಗಣಿತಜ್ಞ ಡೀಟ್ರಿಚ್ ಬ್ರಾಸ್ ಇದನ್ನು ಲೆಕ್ಕ ಹಾಕಿ ನೋಡಿದರು. ಎಲ್ಲರೂ ತಮತಮಗೆ ಬೇಗ ಅನ್ನಿಸಿದ ದಾರಿ ಹಿಡಿದರೆ, ಹೊಸ ರಸ್ತೆಯಿಂದಲೇ ಎಲ್ಲರಿಗೂ ತಡವಾಗಬಹುದು! ಕಣ್ಣಳತೆಗೆ ಇದು ಹೊಳೆಯುತ್ತಿತ್ತಾ? ದಕ್ಷಿಣ ಕೊರಿಯಾದ ಸೋಲ್ ನಗರ 2003ರಲ್ಲಿ ಚೊಂಗ್ಯೆಚೊನ್ ಹೊಳೆಯ ಮೇಲಿನ ಹೆದ್ದಾರಿಯನ್ನೇ ಕೆಡವಲು ಶುರುಮಾಡಿತು. ಊರೇನೂ ನಿಂತುಹೋಗಲಿಲ್ಲ. 2005ಕ್ಕೆ ಹೊಳೆ ಮತ್ತೆ ಹರಿಯಿತು.

ಲಂಡನ್ನಿನ ಟ್ರಫಾಲ್ಗರ್ ಚೌಕವನ್ನೇ ನೋಡಿ. ನಗರ ವಿನ್ಯಾಸದ ಸಂಶೋಧಕ ಬಿಲ್ ಹಿಲಿಯರ್ ಅವರ ತಂಡ ಅಲ್ಲಿ ನಿಂತು, ಯಾರು ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆ ಅಂತ ಗೆರೆ ಎಳೆಯಿತು. ಊರಿನವರು ಅಂಚು ಹಿಡಿದೇ ಹೋಗುತ್ತಿದ್ದರು, ನಡುಭಾಗ ಅವರಿಗೆ ಬೇಡವಾಗಿತ್ತು. ಆ ಲೆಕ್ಕ ನೋಡಿಕೊಂಡು 2003ರಲ್ಲಿ ಉತ್ತರದ ರಸ್ತೆಗೆ ಗಾಡಿ ಬಂದ್, ನಟ್ಟ ನಡುವೆ ಅಗಲ ಮೆಟ್ಟಿಲು. ಈಗ ಜನ ಅಲ್ಲೇ ಕೂರುತ್ತಾರೆ. ಕಣ್ಣಳತೆಯವರು ಅಷ್ಟು ವರ್ಷ ಏನು ಮಾಡುತ್ತಿದ್ದರು?

ಗಣಿತ ಬಂದರೆ ಊರಿನ ಆತ್ಮ ಹೋಗುತ್ತದೆ ಅನ್ನುವವರಿದ್ದಾರೆ. ಜಾಮಿನಲ್ಲಿ ಒಂದು ಗಂಟೆ ಕೂತು ಹುಡುಕಲಿ, ಆತ್ಮ ಸಿಗುತ್ತಾ ನೋಡೋಣ.

ವಿರೋಧ: ಜಗಲಿ ಎಲ್ಲಿ?

ಈ ಚರ್ಚೆಗೆ ವಿರೋಧ ಬರೆದುಕೊಡಿ ಅಂದರು, ಒಪ್ಪಿಕೊಂಡೆ. ಲೆಕ್ಕದ ಮೇಲೆ ನನಗೇನೂ ಹಗೆ ಇಲ್ಲ. ಆದರೆ ಟ್ರಫಾಲ್ಗರ್ ಬಿಡಿ, ಅದು ಪ್ರವಾಸಿಗಳ ಜಾಗ. 1970ರ ದಶಕದ ನ್ಯೂಯಾರ್ಕಿಗೆ ಬನ್ನಿ. ಯಾವ ಅಗ್ನಿಶಾಮಕ ಠಾಣೆ ಮುಚ್ಚಬೇಕು ಅಂತ ನಗರ ರ‍್ಯಾಂಡ್ ಅನ್ನುವ ಸಂಶೋಧನಾ ಸಂಸ್ಥೆಯ ಲೆಕ್ಕವನ್ನು ಕೇಳಿತು. ಆ ಲೆಕ್ಕ ಮುಖ್ಯವಾಗಿ ನೋಡಿದ್ದು ಗಾಡಿ ಎಷ್ಟು ಬೇಗ ತಲುಪುತ್ತದೆ ಅನ್ನುವುದನ್ನು. ಕೊನೆಗೆ ಬೆಂಕಿ ಜಾಸ್ತಿ ಇದ್ದ ಸೌತ್ ಬ್ರಾಂಕ್ಸ್‌ನಲ್ಲೇ ಠಾಣೆಗಳು ಮುಚ್ಚಿದವು.

ನಮ್ಮ ಮನೆ ಕಥೆಯೂ ಇದೆ. ಮೂವತ್ತು-ನಲವತ್ತರ ಸೈಟು. ಪರಿಚಯದ ಹುಡುಗ ಸಾಫ್ಟ್‌ವೇರಿನಲ್ಲಿ ಒಂದೇ ಸಂಜೆ ಹನ್ನೆರಡು ಪ್ಲಾನ್ ತೆಗೆದ. ಒಂದರಲ್ಲೂ ಜಗಲಿ ಇಲ್ಲ. 'ಸುಮ್ನೆ ವೇಸ್ಟ್ ಆಂಟಿ, ರೂಮು ಚಿಕ್ಕದಾಗುತ್ತೆ' ಅಂದ. ಹಳೇ ಮನೆಯಲ್ಲಿ ಅಮ್ಮನ ಸಂಜೆಯೆಲ್ಲ ಜಗಲಿಯಲ್ಲೇ. ಅವರೆಕಾಯಿ ಬಿಡಿಸುವುದು ಅಲ್ಲಿ, ಸೊಪ್ಪಿನವಳ ಜೊತೆ ಚೌಕಾಸಿ ಅಲ್ಲಿ, ಎದುರುಮನೆ ಸುದ್ದಿ ಬಂದು ಬೀಳುವುದೂ ಅಲ್ಲಿ.

ಪಾಯಕ್ಕೆ ಸುಣ್ಣದ ಗೆರೆ ಹಾಕುವ ದಿನ ಮೇಸ್ತ್ರಿ ಕೇಳಿದರು, 'ಅಮ್ಮಾ, ಎಷ್ಟು ಜಾಗ ಬೇಕು?' ಅಮ್ಮ ಮೊರ ಇಟ್ಟುಕೊಂಡು ಮಣ್ಣಿನ ಮೇಲೇ ಕೂತರು. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಬಿಟ್ಟು ಕೈ ತೋರಿಸಿದರು. ಅಳೆದರೆ ಐದೂವರೆ ಅಡಿ.

ಆ ಹುಡುಗ ಅದನ್ನು ಪ್ಲಾನಿಗೆ ಸೇರಿಸಿಯೂ ಕೊಟ್ಟ ಅನ್ನಿ. ಹತ್ತು ನಿಮಿಷದ ಕೆಲಸವಂತೆ.