ಉಸಿರು ಕಟ್ಟಿದ್ದನ್ನು ನರ ಮರೆಯುವುದಿಲ್ಲ

ಬೆನ್ನುಹುರಿಗೆ ಪೆಟ್ಟಾಯಿತು ಅಂದರೆ ಕೈಕಾಲು ಹೋಯಿತು ಅಂತಷ್ಟೇ ನಮ್ಮ ಜನ ಅಂದುಕೊಳ್ಳುತ್ತಾರೆ. ಉಸಿರೂ ಅದೇ ದಾರಿಯಲ್ಲಿ ಇಳಿದು ಬರುವುದು ಅನ್ನೋದು ಐಸಿಯು ಬಾಗಿಲಲ್ಲಿ ನಿಂತಾಗಲೇ ಗೊತ್ತಾಗುತ್ತದೆ. ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು ವಪೆಯನ್ನು ಆಡಿಸುವ ಫ್ರೆನಿಕ್ ನರ ಹುಟ್ಟುವುದು ಕುತ್ತಿಗೆಯ 3, 4, 5ನೇ ನರಬೇರುಗಳಲ್ಲಿ. ಕೊನೆಕೊಯ್ಲಿನಲ್ಲೋ ಕೊಳೆಮದ್ದು ಹೊಡೆಯುವಾಗಲೋ ಅಡಿಕೆ ಮರದಿಂದ ಬಿದ್ದು ಕುತ್ತಿಗೆಗೆ ಪೆಟ್ಟಾದವರು ಫಿಸಿಯೋಥೆರಪಿಗೆ ಬಂದಾಗ ನಾನು ಮೊದಲು ಹೇಳುವುದು ಇಷ್ಟೇ: ‘ಗೌಡ್ರೇ, ಒಂದೇ ಉಸಿರಲ್ಲಿ ಒಂದು, ಎರಡು ಅಂತ ಎಣಿಸ್ತಾ ಹೋಗಿ.’ ಹತ್ತರ ಹತ್ತಿರ ಬರುವಷ್ಟರಲ್ಲಿ ದನಿ ಸೋರಿಹೋಗುತ್ತದೆ. ಕೆಮ್ಮಲು ಹೋದರೆ ಬರೀ ಗಾಳಿ. ಪಕ್ಕೆಲುಬಿನ ಕೆಳಗೆ ಅಂಗೈಯಿಟ್ಟು, ಅವರು ಕೆಮ್ಮುವ ಹೊತ್ತಿಗೆ ಸರಿಯಾಗಿ ಒತ್ತಿದರೆ ಮಾತ್ರ ಕಫ ಗಂಟಲಿಗೆ ಬರುತ್ತದೆ. ಹೆಂಡತಿಯೋ ಮಗನೋ ಇದನ್ನು ಕಲಿತು ಹಗಲೂ ರಾತ್ರಿ ಮಾಡಬೇಕು.

ಹಾಗಾಗಿಯೇ, ಕಡಿಮೆ ಆಮ್ಲಜನಕದ ಗಾಳಿಯನ್ನು ಬಿಟ್ಟುಬಿಟ್ಟು ಕೊಟ್ಟು ನರಗಳನ್ನು ಚುರುಕಾಗಿಸುವ ಸಂಶೋಧನೆಯ ಸುದ್ದಿ ಎಲ್ಲಿ ಕಂಡರೂ ಬಿಡದೆ ಓದುತ್ತೇನೆ. ಕೆರೋಟಿಡ್ ರಕ್ತನಾಳ ಕವಲೊಡೆಯುವ ಕಡೆ, ಕುತ್ತಿಗೆಯ ಎರಡೂ ಬದಿಗೆ, ಅಕ್ಕಿಕಾಳಿನಷ್ಟು ದೊಡ್ಡ ಕೆರೋಟಿಡ್ ಬಾಡಿಗಳಿವೆ. ರಕ್ತದಲ್ಲಿ ಆಮ್ಲಜನಕ ಇಳಿದರೆ ಮೆದುಳಿಗೆ ಸುದ್ದಿ ಮುಟ್ಟಿಸುವುದು ಇವು. 1980ರಲ್ಲಿ ಮಿಲ್‌ಹಾರ್ನ್, ಎಲ್ಡ್ರಿಜ್ ಮತ್ತು ವಾಲ್‌ಡ್ರಾಪ್ ಎಂಬ ಸಂಶೋಧಕರು ಬೆಕ್ಕುಗಳಲ್ಲಿ, ಈ ಸುದ್ದಿ ಒಯ್ಯುವ ನರವನ್ನು ಮತ್ತೆ ಮತ್ತೆ ಪ್ರಚೋದಿಸಿ ನಿಲ್ಲಿಸಿದರು. ನಿಲ್ಲಿಸಿದ ಮೇಲೂ ಉಸಿರಾಟದ ನರದ ಚಟುವಟಿಕೆ ಮೊದಲಿನ ಮಟ್ಟಕ್ಕೆ ಇಳಿಯಲಿಲ್ಲ. ಮುಂದೆ ಅಮೆರಿಕದ ಸಂಶೋಧಕ ಗಾರ್ಡನ್ ಮಿಚೆಲ್ ಅವರ ತಂಡ ಇಲಿಗಳಿಗೆ ಐದೈದು ನಿಮಿಷದಂತೆ ಮೂರು ಸಲ, ನಡುವೆ ಬಿಡುವು ಕೊಟ್ಟು, ಕಡಿಮೆ ಆಮ್ಲಜನಕದ ಗಾಳಿ ಕೊಟ್ಟಿತು. ಗಂಟೆ ಕಳೆದರೂ ಫ್ರೆನಿಕ್ ನರ ಜೋರಾಗಿಯೇ ಮಿಡಿಯುತ್ತಿತ್ತು. ಬಿಡುವೇ ಇಲ್ಲದೆ ಒಂದೇ ಸಮನೆ ಕೊಟ್ಟಾಗ ಹೀಗಾಗಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಕೊರತೆಯಿಂದಷ್ಟೇ ಅಲ್ಲ, ಕೊರತೆ ಬಂದು ಹೋಗಿ ಮತ್ತೆ ಬರುವುದರಿಂದ ನರ ಬದಲಾಗುತ್ತದೆ. ಮೆದುಳುಕಾಂಡದಿಂದ ಸೆರೊಟೋನಿನ್ ಎಂಬ ರಾಸಾಯನಿಕ ಇಳಿದು ಬಂದು, ಬೆನ್ನುಹುರಿಯ ನರಕೋಶಗಳಲ್ಲಿ ಬಿಡಿಎನ್‌ಎಫ್ ಎಂಬ ಪ್ರೋಟೀನು ತಯಾರಾಗಿ, ಸಂಪರ್ಕಗಳು ಗಟ್ಟಿಯಾಗುತ್ತವೆ.

ಸತ್ತ ನರ ಇದರಿಂದ ಮರಳಿ ಹುಟ್ಟುವುದಿಲ್ಲ. ಅಲ್ಪಸ್ವಲ್ಪ ಉಳಿದ ಎಳೆಗಳು ಇನ್ನಷ್ಟು ಕೆಲಸ ಮಾಡುತ್ತವೆ, ಅಷ್ಟೇ. ಆದರೆ ಪೂರ್ತಿ ತುಂಡಾಗದ ಬೆನ್ನುಹುರಿಯವರಿಗೆ ಆ ‘ಅಷ್ಟೇ’ ಎಷ್ಟು ದೊಡ್ಡದು! ಇಂಥವರಿಗೆ 60ರಿಂದ 90 ಸೆಕೆಂಡಿನಂತೆ 15 ಸಲ ಶೇ 9ರಷ್ಟೇ ಆಮ್ಲಜನಕವಿರುವ ಗಾಳಿ ಕೊಟ್ಟು ನೋಡಿದ ಅಧ್ಯಯನಗಳಲ್ಲಿ 2012ರಲ್ಲಿ ಪಾದದ ಬಲ, 2014ರಲ್ಲಿ ನಡಿಗೆ ಸುಧಾರಿಸಿದ್ದು ದಾಖಲಾಗಿದೆ. ಮರದಿಂದ ಬಿದ್ದವರನ್ನು ಇಷ್ಟು ನೋಡುವ ನಮ್ಮ ರಾಜ್ಯದ ದೊಡ್ಡ ಆಸ್ಪತ್ರೆಗಳು ಇಂಥ ಪರೀಕ್ಷೆಗಳಿಗೆ ಮುಂದೆ ಬರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇದನ್ನು ಓದಿ ಯಾರೂ ಮನೆಯಲ್ಲಿ ಮಾಸ್ಕ್ ಕಟ್ಟಿಕೊಂಡು, ಉಸಿರು ಬಿಗಿಹಿಡಿದು ಪ್ರಯೋಗಕ್ಕೆ ಇಳಿಯಬೇಡಿ, ಕೈಮುಗಿದು ಕೇಳುತ್ತೇನೆ. ಅಲ್ಲಿ ಕೊಡುವುದು ಅಳೆದ ಪ್ರಮಾಣ, ವೈದ್ಯರ ಕಣ್ಣೆದುರು. ಅಳತೆ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ಉದಾಹರಣೆ ನಮ್ಮ ಮನೆಮನೆಯಲ್ಲೇ ಇದೆ: ಗೊರಕೆಯ ನಡುವೆ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ. ಒಂದೊಂದು ಸಲ ಹತ್ತು ಸೆಕೆಂಡೋ ಅದಕ್ಕೂ ಜಾಸ್ತಿಯೋ. ತೀವ್ರವಾಗಿದ್ದರೆ ಗಂಟೆಗೆ 30 ಸಲ ಅಥವಾ ಇನ್ನೂ ಹೆಚ್ಚು, ವರ್ಷಗಟ್ಟಲೆ, ದಿನಾ ರಾತ್ರಿ. ಶಿಕಾಗೋದ ನಂದೂರಿ ಪ್ರಭಾಕರ್ ಅವರ ತಂಡ ಪ್ರಾಣಿಗಳಲ್ಲಿ ತೋರಿಸಿದ ಪ್ರಕಾರ, ದಿನಗಟ್ಟಲೆ ಹೀಗಾದರೆ ಕೆರೋಟಿಡ್ ಬಾಡಿಯೇ ಅತಿಸೂಕ್ಷ್ಮವಾಗುತ್ತದೆ. ಆಗ ದೇಹವನ್ನು ಸದಾ ತುದಿಗಾಲಲ್ಲಿ ನಿಲ್ಲಿಸುವ ಸಿಂಪಥೆಟಿಕ್ ನರಗಳು ಹಗಲಲ್ಲೂ ಸುಮ್ಮನಾಗುವುದಿಲ್ಲ, ಬಿಪಿ ಏರುತ್ತದೆ. ಮೂರ್ಮೂರು ಮಾತ್ರೆ ನುಂಗಿದರೂ ಬಿಪಿ ಇಳಿಯುತ್ತಿಲ್ಲ ಅನ್ನುವವರಲ್ಲಿ ಎಷ್ಟೋ ಮಂದಿಗೆ ಆಪ್ನಿಯಾ ಇರುತ್ತದೆ. ಆದರೂ ನಮ್ಮಲ್ಲಿ ‘ಗೊರಕೆ ಹೊಡೀತಿದ್ದಾರೆ, ಒಳ್ಳೇ ನಿದ್ದೆ’ ಅಂತ ಮಗ್ಗುಲು ಬದಲಿಸಿ ಮಲಗುವವರೇ ಜಾಸ್ತಿ.

ಮನೆಯಲ್ಲಿ ಯಾರದಾದರೂ ಗೊರಕೆ ಥಟ್ಟನೆ ನಿಂತು, ಆಮೇಲೆ ಏದುಸಿರಿನೊಂದಿಗೆ ಮತ್ತೆ ಶುರುವಾಗುತ್ತಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಬಿಪಿ ಇದ್ದರೆ, ಹಗಲು ಕೂತಲ್ಲೇ ತೂಕಡಿಸುತ್ತಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಶ್ವಾಸಕೋಶದ ಅಥವಾ ಇಎನ್‌ಟಿ ವೈದ್ಯರಿಗೆ ಎರಡನ್ನೂ ತೋರಿಸಿ, ನಿದ್ದೆಯ ಪರೀಕ್ಷೆ ಬೇಕೇ ಅಂತ ನೀವೇ ಬಾಯಿಬಿಟ್ಟು ಕೇಳಿ.