ಫೋನ್ ಕಿತ್ತುಕೊಳ್ಳುವುದಕ್ಕೆ ಮುಂಚೆ

"ಅಪರಿಚಿತರ ಜೊತೆ ಮಾತಾಡಬೇಡ" ಅಂತ ಒಂದು ಮಾತು ಹೇಳಿಬಿಟ್ಟರೆ ತಮ್ಮ ಕೆಲಸ ಮುಗಿಯಿತು ಅಂದುಕೊಂಡಿರುವ ತಂದೆ ತಾಯಿಯರೇ ಹೆಚ್ಚು. ಆನ್‌ಲೈನ್‌ನಲ್ಲಿ ಈ ಮಾತು ಉಪಯೋಗಕ್ಕೆ ಬರುವುದಿಲ್ಲ. ಮೂರು ವಾರ ದಿನಾ ಸಂಜೆ ಒಟ್ಟಿಗೆ ಗೇಮ್ ಆಡಿದವನು ಮಗುವಿನ ಲೆಕ್ಕದಲ್ಲಿ ಅಪರಿಚಿತನೇ ಅಲ್ಲ, ಫ್ರೆಂಡು. ಸೋತಾಗ ಸಮಾಧಾನ ಮಾಡಿದವನು, ಕಷ್ಟದ ಲೆವೆಲ್ ದಾಟಿಸಿದವನು, ಮನೆಯಲ್ಲಿ ಬೈಸಿಕೊಂಡ ದಿನ "ನಿಂಗೆ ಬೇಜಾರಾಗಿರತ್ತೆ ಬಿಡು" ಅಂದವನು. ಎಷ್ಟೋ ಸಲ ಅವನು ವಯಸ್ಸನ್ನೂ ಮುಚ್ಚಿಡುವುದಿಲ್ಲ. ದೊಡ್ಡವನೊಬ್ಬ ತನ್ನನ್ನು ಸರಿಸಮ ಕಾಣುತ್ತಾನೆ ಅನ್ನುವುದೇ 13 ವರ್ಷದ ಮಗುವಿಗೆ ಹೆಮ್ಮೆ. ಇನ್ನು ಕೆಲವು ಸಲ ಅವನು ನಿಜಕ್ಕೂ ಪರಿಚಿತನೇ: ಪಾಠ ಹೇಳುವವನು, ಆಟ ಕಲಿಸುವವನು, ನೆಂಟ.

ಇದಕ್ಕೆ ಗ್ರೂಮಿಂಗ್ ಅನ್ನುತ್ತಾರೆ, ಅಂದರೆ ಲೈಂಗಿಕವಾಗಿ ಬಳಸಿಕೊಳ್ಳುವುದಕ್ಕೆ ಮಗುವಿನ ನಂಬಿಕೆ ಗಳಿಸಿ ಪಳಗಿಸುವುದು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯುತ್ತದೆ. ಶುರುವಿನ ಮೆಸೇಜ್‌ಗಳು ಹೀಗಿರುತ್ತವೆ ನೋಡಿ:

"ಫೋನ್ ನಿಂದಾ, ಅಮ್ಮಂದಾ?"
"ಈಗ ಹಾಲ್‌ನಲ್ಲಿದೀಯಾ, ರೂಮಲ್ಲಾ?"
"ನಿಮ್ಮನೇಲಿ ಚಾಟ್ ಎಲ್ಲಾ ನೋಡ್ತಾರಾ?"

ಇದರಲ್ಲಿ ಒಂದೂ ಕೆಟ್ಟ ಪದ ಇಲ್ಲ. ಪದ ಹುಡುಕುವ ಫಿಲ್ಟರ್‌ಗೆ ಸಿಗುವುದಿಲ್ಲ, ಪಕ್ಕದಲ್ಲಿ ಕೂತು ಓದಿದ ಅಪ್ಪನಿಗೂ ಏನೂ ಅನ್ನಿಸುವುದಿಲ್ಲ. ಆದರೆ ಅವನು ಕೇಳುತ್ತಿರುವುದು ಒಂದೇ: ಈ ಮಗುವಿನ ಹತ್ತಿರ ಬಂದರೆ ನಾನು ಸಿಕ್ಕಿಬೀಳುತ್ತೇನಾ? ಈ ಮೂರು ಪ್ರಶ್ನೆಗಳನ್ನು ಮಕ್ಕಳಿಗೆ ಹೀಗೇ ಓದಿ ಹೇಳಿ. "ಕೆಟ್ಟವರು ಇರ್ತಾರೆ, ಹುಷಾರು" ಅನ್ನುವುದಕ್ಕಿಂತ ಇದು ತಲೆಯಲ್ಲಿ ನಿಲ್ಲುತ್ತದೆ.

ಮುಂದಿನ ಹೆಜ್ಜೆ ಜಾಗ ಬದಲಿಸುವುದು. "ಇಲ್ಲಿ ಲ್ಯಾಗ್ ಆಗ್ತಿದೆ, ಸ್ನ್ಯಾಪ್‌ಚಾಟ್‌ಗೆ ಬಾ." ಗೇಮ್‌ನ ಎಲ್ಲರಿಗೂ ಕಾಣುವ ಚಾಟ್‌ನಲ್ಲಿ ಸಾಮಾನ್ಯವಾಗಿ ಪದಗಳ ಫಿಲ್ಟರ್ ಇರುತ್ತದೆ, ದೂರು ಕೊಡುವ ಬಟನ್ ಇರುತ್ತದೆ, ಬೇರೆ ಆಟಗಾರರ ಕಣ್ಣಿರುತ್ತದೆ. ಸ್ನ್ಯಾಪ್‌ಚಾಟ್‌ಗೆ ಹೋದರೆ ಮೆಸೇಜ್ ತಾನಾಗಿ ಅಳಿಸಿಹೋಗುತ್ತದೆ. ಮನೆಯಲ್ಲಿ ಒಂದೇ ನಿಯಮ ಇಡಬೇಕು ಅಂದರೆ ನಾನು ಇದನ್ನೇ ಇಡುತ್ತೇನೆ: ಆಡುವ ಜಾಗ ಬಿಟ್ಟು ಇನ್ನೊಂದು ಆ್ಯಪ್‌ಗೆ ಯಾರು ಕರೆದರೂ, ಹೋಗುವ ಮುಂಚೆ ನನಗೆ ಹೇಳು.

ಆಮೇಲೆ ಉಡುಗೊರೆ. ಗೇಮ್‌ನ ಕರೆನ್ಸಿ, ಸ್ಕಿನ್, ಗಿಫ್ಟ್ ಕಾರ್ಡ್. ಅದರ ಹಿಂದೆಯೇ ಒಂದು ಸಣ್ಣ ಗುಟ್ಟು. ಅಷ್ಟಾದ ಮೇಲೆ ಒಂದು ಪೋಲಿ ಜೋಕು, ಮಗು ನಕ್ಕಿತಾ ಅಂತ ನೋಡುವುದಕ್ಕೆ. ಫೋಟೋ ಕೇಳುವ ಹೊತ್ತಿಗೆ ಮಗುವಿಗೆ ತಾನೂ ಇದರಲ್ಲಿ ಪಾಲುದಾರ ಅನ್ನಿಸಿಬಿಟ್ಟಿರುತ್ತದೆ. ಗುಟ್ಟಿನ ವಿಷಯ ಚಿಕ್ಕ ಮಕ್ಕಳಿಗೆ ಹೇಳುವುದು ಸುಲಭ: ಸರ್ಪ್ರೈಸ್ ಆದರೆ ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ, ಯಾವತ್ತೂ ಹೇಳಲೇಬಾರದು ಅಂದರೆ ಅದು ಸರ್ಪ್ರೈಸ್ ಅಲ್ಲ, ಅದನ್ನು ಹೇಳಲೇಬೇಕು.

ಈಗ ನಮ್ಮ ಕಡೆಯ ತಪ್ಪಿಗೆ ಬರೋಣ. "ಏನಾದ್ರೂ ಎಡವಟ್ಟು ಮಾಡ್ಕೊಂಡ್ರೆ ಫೋನ್ ಕಿತ್ಕೊಳ್ತೀನಿ" ಅಂತ ದಿನಾ ಹೇಳುತ್ತೇವಲ್ಲ, ಅವನ ಬಂಡವಾಳವೇ ಆ ಮಾತು. "ನಿಮ್ಮಮ್ಮಂಗೆ ಗೊತ್ತಾದ್ರೆ ಏನಾಗತ್ತೆ ಗೊತ್ತಲ್ಲ" ಅಂತ ಅವನು ಹೆದರಿಸುವುದು ನಮ್ಮ ಬೆದರಿಕೆಯನ್ನು ಸಾಲ ತೆಗೆದುಕೊಂಡೇ. ಹಾಗಾಗಿ ಏನೂ ಆಗಿಲ್ಲದ ದಿನವೇ ಹೇಳಿಡಿ: "ಫೋಟೋ ಕಳಿಸಿದ್ರೂ ಸರಿ, ಸುಳ್ಳು ಹೇಳಿದ್ರೂ ಸರಿ, ಬಂದು ಹೇಳಿದ್ರೆ ಬೈಯಲ್ಲ, ಫೋನೂ ಕಿತ್ಕೊಳಲ್ಲ." ಕೊಟ್ಟ ಮಾತಿಗೆ ತಪ್ಪಬೇಡಿ. ಹದಿಹರೆಯದವರಿಗೆ ಇನ್ನೊಂದು ಸೇರಿಸಿ: "ನನ್ನ ಹೆಸರು ಹೇಳಿ ತಪ್ಪಿಸ್ಕೊ." "ನಮ್ಮಪ್ಪ ದಿನಾ ರಾತ್ರಿ ಫೋನ್ ನೋಡ್ತಾರೆ" ಅನ್ನುವ ಒಂದು ಸಾಲು ಸುಳ್ಳಾದರೂ ಕೆಲಸ ಮಾಡುತ್ತದೆ.

ಕದ್ದು ನೋಡುವ ಆ್ಯಪ್ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಗೊತ್ತಾದ ದಿನ ಮಗು ಎರಡನೇ ಖಾತೆ ತೆರೆಯುತ್ತದೆ, ಅಲ್ಲಿಗೆ ನಿಮ್ಮ ಕಣ್ಣೂ ಹೋಯಿತು, ನಂಬಿಕೆಯೂ ಹೋಯಿತು. ನೋಡುವುದಿದ್ದರೆ ಹೇಳಿ ನೋಡಿ.

ಸೆಟ್ಟಿಂಗ್‌ಗಳಿಗೆ ಒಂದು ಅರ್ಧ ಗಂಟೆ ಮಗುವಿನ ಜೊತೆಗೇ ಕೂರಿ. ಮೊದಲು ನೋಡಬೇಕಾದ್ದು ಖಾತೆಯಲ್ಲಿರುವ ಹುಟ್ಟಿದ ವರ್ಷ. ಹೆಚ್ಚಿನ ಆ್ಯಪ್‌ಗಳಿಗೆ ಕನಿಷ್ಠ 13 ವರ್ಷ ಆಗಿರಬೇಕು. 10ನೇ ವಯಸ್ಸಿನಲ್ಲಿ 13 ಅಂತ ಹಾಕಿದ ಮಗುವಿಗೆ 15 ತುಂಬುವಾಗ ಆ್ಯಪ್‌ನ ಲೆಕ್ಕದಲ್ಲಿ 18 ಆಗಿರುತ್ತದೆ, ಮಕ್ಕಳಿಗಿರುವ ರಕ್ಷಣೆ ಕಳಚಿಬೀಳುತ್ತದೆ. ಇನ್‌ಸ್ಟಾಗ್ರಾಂ 2024ರಲ್ಲಿ ತಂದ ಹದಿಹರೆಯದವರ ಖಾತೆಯಲ್ಲಿ 16ರ ಒಳಗಿನವರು ಸೆಟ್ಟಿಂಗ್ ಸಡಿಲಿಸಬೇಕಾದರೆ ತಂದೆ ತಾಯಿಯ ಒಪ್ಪಿಗೆ ಬೇಕು. ಆದರೆ ವರ್ಷವೇ ಸುಳ್ಳಾದರೆ ಅದು ಇದ್ದೂ ಇಲ್ಲದ ಹಾಗೆ. ಉಳಿದದ್ದು ಬೇಗ ಮುಗಿಯುತ್ತದೆ. ವಾಟ್ಸಾಪ್‌ನ ಪ್ರೈವೆಸಿಯಲ್ಲಿ ಗ್ರೂಪ್‌ಗೆ ಸೇರಿಸುವ ಅವಕಾಶ ಗೊತ್ತಿರುವ ನಂಬರ್‌ಗಳಿಗೆ ಮಾತ್ರ. ಗೇಮ್ ಆಡುವವರ ಚಾಟ್ ಆ್ಯಪ್ ಡಿಸ್ಕಾರ್ಡ್‌ನಲ್ಲಿ ಸರ್ವರ್‌ನವರು, ಅಂದರೆ ಅಲ್ಲಿನ ಗುಂಪಿನವರು, ನೇರವಾಗಿ ಮೆಸೇಜ್ ಮಾಡುವುದು ಬಂದ್. ಸ್ನ್ಯಾಪ್‌ಚಾಟ್ ನಕ್ಷೆಯಲ್ಲಿ ಮಗು ಎಲ್ಲಿದೆ ಅಂತ ಕಾಣದ ಹಾಗೆ ಘೋಸ್ಟ್ ಮೋಡ್. ಗೇಮ್‌ನ ವಾಯ್ಸ್ ಚಾಟ್ ಬಗ್ಗೆ ಮಾತ್ರ ಸ್ವಲ್ಪ ಯೋಚಿಸಿ: ಹೆಡ್‌ಫೋನ್ ಹಾಕಿಕೊಂಡರೆ ಮನೆಯವರಿಗೆ ಕೇಳಿಸುವುದು ಅರ್ಧ ಮಾತು. ಚಿಕ್ಕವರು ಸ್ಪೀಕರ್‌ನಲ್ಲೇ ಆಡಲಿ. ರಾತ್ರಿ ಫೋನ್ ಚಾರ್ಜಿಗೆ ಹಾಕುವುದು ಹಾಲ್‌ನಲ್ಲಿ, ನಿಮ್ಮದೂ ಅಲ್ಲೇ.

ಲಕ್ಷಣಗಳ ಬಗ್ಗೆ ಉದ್ದುದ್ದ ಪಟ್ಟಿ ಹಂಚುತ್ತಾರೆ. ಫೋನ್ ಕೇಳಿದರೆ ಸಿಟ್ಟು ಮಾಡುವುದು ಲಕ್ಷಣ ಅಲ್ಲ, ಎಲ್ಲ ಮಕ್ಕಳೂ ಮಾಡುತ್ತಾರೆ. ಲೆಕ್ಕ ಸಿಗದ ಗೇಮ್ ಐಟಂ, ನಿಮಗೆ ಗೊತ್ತಿಲ್ಲದ ಎರಡನೇ ಖಾತೆ, ವಯಸ್ಸಿಗೆ ಮೀರಿದ ಮಾತು, ಹೆಸರು ಹೇಳಲು ಒಪ್ಪದ ಒಬ್ಬ ಫ್ರೆಂಡ್: ಇವುಗಳಲ್ಲಿ ಎರಡು ಸೇರಿದರೆ ಕೂತು ಮಾತಾಡಿ.

ಗಂಡು ಮಕ್ಕಳಿಗೆ ಏನಾಗತ್ತೆ ಅನ್ನುವವರಿಗೆ ಒಂದು ಮಾತು. ಬೆತ್ತಲೆ ಚಿತ್ರ ಹಂಚುತ್ತೇನೆ ಅಂತ ಹೆದರಿಸಿ ದುಡ್ಡು ಕೀಳುವ ಸೆಕ್ಸ್‌ಟಾರ್ಷನ್‌ನಲ್ಲಿ ಹೆಚ್ಚಾಗಿ ಸಿಕ್ಕಿಬೀಳುವವರು 14ರಿಂದ 17ರ ಹುಡುಗರು ಎಂದು ಅಮೆರಿಕದ ಎಫ್‌ಬಿಐ ಎಚ್ಚರಿಸಿದೆ. ಇಲ್ಲಿ ವಾರಗಟ್ಟಲೆ ಪಳಗಿಸುವುದೇನೂ ಇಲ್ಲ, ಕೆಲವೇ ಗಂಟೆಯ ಆಟ. ಹುಡುಗಿಯ ಹೆಸರಿನ ಖಾತೆ, ಅವಳೇ ಮೊದಲು ಫೋಟೋ ಕಳಿಸುತ್ತಾಳೆ, ಇವನೂ ಕಳಿಸಿದ ಮರುಕ್ಷಣ ಇವನ ಫಾಲೋವರ್‌ಗಳ ಪಟ್ಟಿಯ ಸ್ಕ್ರೀನ್‌ಶಾಟ್ ಬರುತ್ತದೆ: "ದುಡ್ಡು ಹಾಕು, ಇಲ್ಲಾಂದ್ರೆ ಇವರಿಗೆಲ್ಲಾ ಹೋಗತ್ತೆ." ದುಡ್ಡು ಕೊಡಬೇಡಿ. ಕೊಟ್ಟರೆ ಇನ್ನಷ್ಟು ಕೇಳುತ್ತಾರೆ, ಕೊಡುವವನು ಅಂತ ಗೊತ್ತಾಯಿತಲ್ಲ. "ನಾನು ಕಳಿಸೇ ಇಲ್ಲ" ಅಂತ ಮಗು ಹೇಳಿದರೆ ನಂಬಿ, ಸಾಮಾನ್ಯ ಫೋಟೋದಿಂದ ಎಐ ಬಳಸಿ ಬೆತ್ತಲೆ ಚಿತ್ರ ತಯಾರಿಸುವವರಿದ್ದಾರೆ. ಇಂಥ ಒತ್ತಡದಲ್ಲಿ ಜೀವ ಕಳೆದುಕೊಂಡ ಮಕ್ಕಳಿದ್ದಾರೆ. ಆ ರಾತ್ರಿ ಮಗುವನ್ನು ಒಂಟಿಯಾಗಿ ಮಲಗಿಸಬೇಡಿ.

ಹೀಗೇನಾದರೂ ಬೆಳಕಿಗೆ ಬಂದಾಗ ಗಾಬರಿಯಲ್ಲಿ ಎಲ್ಲರೂ ಮೊದಲು ಮಾಡುವುದು ಚಾಟ್ ಅಳಿಸುವುದು. ಸಾಕ್ಷಿ ಅಲ್ಲೇ ಹೋಯಿತು. ಏನನ್ನೂ ಅಳಿಸಬೇಡಿ, ಮಗುವಿನ ಖಾತೆ ಮುಚ್ಚಬೇಡಿ, ಮಗುವಿನ ಹೆಸರಲ್ಲಿ ನೀವು ಚಾಟ್ ಮಾಡಲು ಹೋಗಬೇಡಿ. ಧಾಟಿ ಬದಲಾದದ್ದು ಅವನಿಗೆ ಗೊತ್ತಾಗಿ ಖಾತೆಯೇ ಮಾಯವಾಗಬಹುದು. ಪರದೆಯ ಮೇಲೆ ಕಾಣುವ ಹೆಸರನ್ನು ಅವನು ಯಾವಾಗ ಬೇಕಾದರೂ ಬದಲಿಸಬಹುದು, ಅದಕ್ಕೇ ಯೂಸರ್‌ನೇಮ್, ಪ್ರೊಫೈಲ್ ಲಿಂಕ್, ನಂಬರ್, ದಿನಾಂಕ, ಸಮಯ ಬರೆದಿಡಿ. ಸ್ನ್ಯಾಪ್‌ಚಾಟ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಅವನಿಗೆ ಸೂಚನೆ ಹೋಗುತ್ತದೆ, ಇನ್ನೊಂದು ಫೋನಿನಿಂದ ಪರದೆಯ ಫೋಟೋ ತೆಗೆಯಿರಿ. ಆದರೆ ಮಗುವಿನ ಬೆತ್ತಲೆ ಚಿತ್ರದ ಪ್ರತಿ ತೆಗೆಯಬೇಡಿ, ಸಾಕ್ಷಿ ಅಂತ ಯಾರಿಗೂ ಫಾರ್ವರ್ಡ್ ಮಾಡಬೇಡಿ. ಎಷ್ಟೋ ದೇಶಗಳಲ್ಲಿ ಅದೂ ಅಪರಾಧವೇ. ಫೋನ್ ಇದ್ದ ಹಾಗೇ ಪೊಲೀಸರಿಗೆ ತೋರಿಸಿ. ಆ್ಯಪ್‌ನಲ್ಲಿ ಮೊದಲು ರಿಪೋರ್ಟ್, ಆಮೇಲೆ ಬ್ಲಾಕ್. ಅವನ ಮುಖವನ್ನು ಫೇಸ್‌ಬುಕ್‌ನಲ್ಲಿ ಹಾಕಿ ಮರ್ಯಾದೆ ಕಳೆಯುವ ಆಸೆ ಬರುತ್ತದೆ, ತಡೆದುಕೊಳ್ಳಿ. ಅವನ ಜೊತೆ ನಿಮ್ಮ ಮಗುವೂ ಬಯಲಾಗುತ್ತದೆ.

ಚಿತ್ರ ಹೊರಗೆ ಹೋಗಿದ್ದರೂ ದಾರಿ ಇದೆ. 18ರ ಒಳಗೆ ತೆಗೆದ ಇಂಥ ಚಿತ್ರಗಳಿಗಾಗಿ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ 2023ರಿಂದ ಇದೆ. ಚಿತ್ರ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ, ಅದರ ಡಿಜಿಟಲ್ ಬೆರಳಚ್ಚು, ಅಂದರೆ ಆ ಚಿತ್ರವನ್ನು ಗುರುತಿಸುವ ಒಂದು ಕೋಡ್, ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ತಾಣಗಳು ಅದಕ್ಕೆ ಹೊಂದುವ ಚಿತ್ರವನ್ನು ಹುಡುಕಿ ತೆಗೆಯಬಹುದು. ಮಿತಿ ಎರಡು: ಚಿತ್ರವನ್ನು ಚೂರು ಕತ್ತರಿಸಿದರೂ ಬೆರಳಚ್ಚು ಬದಲಾಗುತ್ತದೆ, ಮತ್ತು ವಾಟ್ಸಾಪ್‌ನಂಥ ಎನ್‌ಕ್ರಿಪ್ಟ್ ಆದ ಚಾಟ್‌ನ ಒಳಗೆ ಅದು ಹುಡುಕಲಾರದು. ಮೂಲ ಚಿತ್ರ ಫೋನ್‌ನಲ್ಲಿ ಉಳಿದಿದ್ದರೆ ಮಾತ್ರ ಬೆರಳಚ್ಚು ಸಿಗುತ್ತದೆ ಅನ್ನುವುದು ಇನ್ನೊಂದು ಮಾತು, ಅಳಿಸಬೇಡಿ ಅಂದದ್ದು ಅದಕ್ಕೂ ಸೇರಿ.